ಹಾಡಿಗೂ ಕಿವಿಗೂ ನಡುವೆ ಎಷ್ಟು ಪೆಟ್ಟಿಗೆಗಳು?

ಮನೆಯಲ್ಲಿ ಕುಳಿತು ಸಂಗೀತವನ್ನು ಕೇಳಬಯಸುವವನಿಗೆ ಇಂದು ದೊರೆತಿರುವ ಸೌಕರ್ಯವು ಹಿಂದೆ ಅರಸರಿಗೂ ದೊರೆತಿರಲಿಲ್ಲ. ತಿಂಗಳಿಗೊಮ್ಮೆ ಸಾಧಾರಣವಾದ ಚಂದಾ ಹಣವನ್ನು ತೆತ್ತರೆ ಕೋಟಿಗಟ್ಟಲೆ ಧ್ವನಿಮುದ್ರಣಗಳು ಅಂತರ್ಜಾಲದ ಮೂಲಕ ಮನೆಯೊಳಕ್ಕೆ ಹರಿದು ಬರುತ್ತವೆ. ಬೇಕೆನಿಸಿದ ಗಳಿಗೆಯಲ್ಲಿ ಬೇಕಾದವರ ತೋಡಿಯನ್ನು ಕೇಳಬಹುದು. ಆದರೆ ಈ ಸೌಕರ್ಯದ ಬೆನ್ನಿಗೇ ಒಂದು ವ್ಯಾಧಿಯೂ ಬಂದಿದೆ. ಸಂಗೀತದಲ್ಲಿ ಆಸಕ್ತಿಯೂ ಕೈಯಲ್ಲಿ ನಾಲ್ಕು ಕಾಸೂ ಉಳ್ಳ ಗೃಹಸ್ಥರ ಮನೆಗೆ ಹೋಗಿ ನೋಡಿ. ಹಜಾರದ ಒಂದು ಮೂಲೆಯಲ್ಲಿ ಮೂರು ಅಂತಸ್ತಿನ ಕಪಾಟು. ಹಾಡನ್ನು ಜಾಲದಿಂದ ತರುವುದಕ್ಕೆ ಸ್ಟ್ರೀಮರ್ ಎಂಬ ಪೆಟ್ಟಿಗೆ. ಕೊಂಡ ಹಾಡುಗಳನ್ನು ಇಡುವುದಕ್ಕೆ ಸರ್ವರ್. ಇವೆರಡನ್ನೂ ಕೂಡಿಸುವುದಕ್ಕೆ 'ಸಂಗೀತಕ್ಕೆಂದೇ' ಮಾಡಿದ ಜಾಲದ ಸ್ವಿಚ್ಚು. ಅಂಕಿಗಳ ತಾಳವನ್ನು ತಿದ್ದುವುದಕ್ಕೆ ಒಂದು ಗಡಿಯಾರದ ಪೆಟ್ಟಿಗೆ. ಅಂಕಿಗಳನ್ನು ವಿದ್ಯುತ್ತಾಗಿಸುವ ಡ್ಯಾಕ್. ಅದರಾಚೆ ಪ್ರೀಆಂಪ್ಲಿಫಯರು, ಅದರಾಚೆ ಆಂಪ್ಲಿಫಯರು. ಒಂದೊಂದಕ್ಕೂ ಬೇರೆ ಬೇರೆ ವಿದ್ಯುತ್ ಪೂರೈಕೆ, ಹೆಬ್ಬೆರಳು ಗಾತ್ರದ ತಂತಿ.

ಈ ಕಪಾಟಿನ ಮುಕ್ಕಾಲು ಪಾಲನ್ನು ತೆಗೆದುಹಾಕಿದರೂ ಸಂಗೀತಕ್ಕೆ ಎಳ್ಳಷ್ಟೂ ನಷ್ಟವಾಗದೆಂದೂ ಕೆಲವು ಸಂದರ್ಭಗಳಲ್ಲಿ ಲಾಭವೇ ಆದೀತೆಂದೂ ನಾನು ವಾದಿಸುತ್ತೇನೆ. ಹೀಗೆಂದೊಡನೆ ಎರಡು ಕಡೆಗಳಿಂದ ಆಕ್ಷೇಪ ಬರುತ್ತದೆ. ಪೆಟ್ಟಿಗೆಗಳಲ್ಲಿ ಭಕ್ತಿಯುಳ್ಳವರು, "ಸೂಕ್ಷ್ಮವಾದ ಕಿವಿ ಇದ್ದವರಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ" ಎನ್ನುತ್ತಾರೆ. ಮತ್ತೊಂದು ಪಂಗಡದವರು, "ಇದೆಲ್ಲ ಏತಕ್ಕೆ? ಮೊಬೈಲಿನಿಂದ ಒಂದು ಪುಟ್ಟ ಸ್ಪೀಕರಿಗೆ ಗಾಳಿಯಲ್ಲೇ ಕಳುಹಿಸಿದರಾಯಿತು" ಎನ್ನುತ್ತಾರೆ. ಮೊದಲನೆಯವರು ಪೆಟ್ಟಿಗೆಗಳನ್ನು ಕೂಡುತ್ತಾ ಹೋಗುತ್ತಾರೆ; ಎರಡನೆಯವರು ಕಳೆಯುತ್ತಾ ಹೋಗುತ್ತಾರೆ. ಆದರೆ ಎಣಿಸಬೇಕಾದದ್ದು ಪೆಟ್ಟಿಗೆಗಳನ್ನಲ್ಲ, ರೂಪಾಂತರಗಳನ್ನು. ಸಂಗೀತವು ಎಲ್ಲೆಲ್ಲಿ ತನ್ನ ರೂಪವನ್ನು ಬದಲಾಯಿಸಿಕೊಳ್ಳುತ್ತದೆಯೋ ಅಲ್ಲಲ್ಲಿ ಮಾತ್ರ ಕೆಡುವ ಸಂಭವ ಉಂಟು. ಅಂತರ್ಜಾಲದಿಂದ ಬಂದ ಹಾಡಿಗೆ ಅಗತ್ಯವಾದ ರೂಪಾಂತರಗಳು ಮೂರೇ ಮೂರು: ಅಂಕಿಗಳು ವಿದ್ಯುತ್ತಾಗಬೇಕು, ವಿದ್ಯುತ್ತು ಸ್ಪೀಕರಿನ ಚಲನೆಯಾಗಬೇಕು, ಆ ಚಲನೆಯು ಕೋಣೆಯ ಗಾಳಿಯನ್ನು ಅಲೆಯಾಗಿಸಿ ನಮ್ಮ ಕಿವಿಗೆ ತಲಪಿಸಬೇಕು. ಉಳಿದುದೆಲ್ಲ ಸಾಗಾಟ.

ಅಂಕಿಗಳೆಂದರೆ ಏನೆಂಬುದನ್ನು ಮೊದಲು ನೋಡೋಣ. ಶಬ್ದವು ಗಾಳಿಯ ಒತ್ತಡದ ಏರಿಳಿತ. ಮೈಕ್ರೊಫೋನು ಅದನ್ನು ವೋಲ್ಟೇಜಿನ ಏರಿಳಿತವಾಗಿ ಮಾಡುತ್ತದೆ. ಈ ವೋಲ್ಟೇಜನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಹತ್ತಿರದ ಒಂದಕ್ಕೆ ಹೊಂದಿಸಿ ಬರೆದಿಟ್ಟರೆ, 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಮುದ್ರಣವಾಯಿತು. ಇಂದಿಗೂ ಜಾಲದಲ್ಲಿ ಹರಿಯುವ ಒಳ್ಳೆಯ ಸಂಗೀತಕ್ಕೆ ಇದೇ ತಳಹದಿ. ಬಿಡಿಬಿಡಿಯಾದ ಅಳತೆಗಳ ನಡುವಣ ಸಂಗೀತವು ಕಳೆದುಹೋಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಪುಸ್ತಕಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದಿರುವ ಚಿತ್ರವೇ ಈ ಸಂದೇಹಕ್ಕೆ ಕಾರಣ. ಆ ಚಿತ್ರವನ್ನು ಯಾರು ಮೊದಲು ಬರೆದರೋ, ಅವರಿಂದಾದ ಹಾನಿ ಅಷ್ಟಿಷ್ಟಲ್ಲ! ನೈಕ್ವಿಸ್ಟನು 1928ರಲ್ಲಿ ಸೂಚಿಸಿ, ಶ್ಯಾನನ್ನನು 1949ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸಾಧಿಸಿ ತೋರಿಸಿದ ಪ್ರಮೇಯವು ಬೇರೆಯೇ ಹೇಳುತ್ತದೆ. ಒಂದು ಅಲೆಯಲ್ಲಿರುವ ಅತಿ ವೇಗದ ಕಂಪನಕ್ಕಿಂತ ಎರಡರಷ್ಟಕ್ಕೂ ಮಿಗಿಲಾದ ವೇಗದಲ್ಲಿ ಅಳತೆ ಮಾಡಿದ್ದರೆ, ಆ ಅಳತೆಗಳ ಮೂಲಕ ಹಾಯುವ ಅಲೆ ಒಂದೇ ಒಂದು ಇರಲು ಸಾಧ್ಯ. ಪರಿವರ್ತಕದಿಂದ ಹೊರಬರುವುದು ಮೆಟ್ಟಿಲಲ್ಲ, ಆ ನುಣುಪಾದ ಅಲೆಯೇ. ಆರೋಗ್ಯವಂತನಾದ ತರುಣನ ಕಿವಿಯು ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಬಲ್ಲದು; ವಯಸ್ಸಾದಂತೆ ಈ ಮೇರೆಯು ಇಳಿಯುತ್ತದೆ. ಅದರ ಎರಡರಷ್ಟಕ್ಕಿಂತ 44,100 ಹೆಚ್ಚೇ ಆಯಿತು. ಇನ್ನು 65,536 ಮೆಟ್ಟಿಲುಗಳೆಂದರೆ, ಅತಿ ಮೆಲ್ಲನೆಯದಕ್ಕೂ ಅತಿ ಗಟ್ಟಿಯದಕ್ಕೂ ನಡುವೆ ಸುಮಾರು 96 ಡೆಸಿಬೆಲ್‌ಗಳ ಅಂತರ. ರಸ್ತೆಯ ಬದಿಯ ಮನೆಯಲ್ಲಿ, ಮೇಲೆ ಪಂಖ ತಿರುಗುತ್ತಿರುವಾಗ, ಇದರಲ್ಲಿ ಅರ್ಧವನ್ನು ಉಪಯೋಗಿಸಿಕೊಂಡರೆ ಅದೇ ದೊಡ್ಡದು.

ನಮ್ಮ ಸಂಗೀತವು ಪಾಶ್ಚಾತ್ಯ ಸಂಗೀತಕ್ಕಿಂತ ಸೂಕ್ಷ್ಮವಾದದ್ದು, ಅದಕ್ಕೆ ಈ ಅಳತೆ ಸಾಲದು ಎಂಬ ಮಾತನ್ನೂ ಕೇಳಿದ್ದೇನೆ. ಇದಕ್ಕೆ ತಂಬೂರಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. ಸರ್ ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ತಂಬೂರಿಗಳ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ತಂತಿಯನ್ನು ಯಾವ ಸ್ಥಾನದಲ್ಲಿ ಮೀಟುತ್ತೇವೆಯೋ ಆ ಸ್ಥಾನದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಸಾಮಾನ್ಯ ತಂತಿವಾದ್ಯಗಳಲ್ಲಿ ಹುಟ್ಟುವುದಿಲ್ಲ. ತಂಬೂರಿಯಲ್ಲಿ ಮಾತ್ರ, ಬಾಗಿದ ಕುದುರೆಯೂ ಅದರ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ದಾರವೂ ಸೇರಿ ಆ ಉಪಸ್ವರಗಳನ್ನೂ ಎಬ್ಬಿಸುತ್ತವೆಂಬುದನ್ನು ಅವರು ಗಮನಿಸಿದರು. ಮೀಟಿದ ಮೇಲೆ ಒಂದರ ಹಿಂದೆ ಒಂದಾಗಿ ಅರಳುವ ಆ ಝೇಂಕಾರಕ್ಕೆ ಇದೇ ಮೂಲ. ಈಗ ಲೆಕ್ಕ ಹಾಕೋಣ. ಪುರುಷರ ಶ್ರುತಿಯ ಷಡ್ಜವನ್ನು 130 ಕಂಪನಗಳೆಂದಿಟ್ಟುಕೊಂಡರೆ ಅದರ 10ನೆಯ ಉಪಸ್ವರವು 1,300, 50ನೆಯದು 6,500. ಅಂದರೆ ಐವತ್ತು ಉಪಸ್ವರಗಳನ್ನು ಹಿಡಿದಿಟ್ಟ ಮೇಲೆಯೂ ಕಾಂಪ್ಯಾಕ್ಟ್ ಡಿಸ್ಕಿನ ಅಳತೆಯಲ್ಲಿ ಮೂರನೆಯ ಎರಡು ಪಾಲು ಸ್ಥಳ ಬರಿದಾಗಿ ಉಳಿದಿರುತ್ತದೆ. ಗಮಕದ ಸೂಕ್ಷ್ಮವಂತೂ ಇನ್ನೂ ಕೆಳಗಿನ ಪ್ರಾಂತದ್ದು. ಅದು ಅಂಕಿಗಳ ಬಲೆಯಿಂದ ನುಸುಳಿಹೋಗುವ ಮೀನಲ್ಲ.

ಹಾಗಾದರೆ ಸೆಕೆಂಡಿಗೆ 96,000 ಅಥವಾ 1,92,000 ಅಳತೆಗಳ 'ಉನ್ನತ' ಮುದ್ರಣಗಳಿಂದ ಲಾಭವಿಲ್ಲವೆ? ಮುದ್ರಣ ಮಾಡುವವರಿಗೆ, ತಿದ್ದಿ ಬೆರಸುವವರಿಗೆ ಲಾಭ ಉಂಟು. ಕೇಳುವವರ ವಿಷಯದಲ್ಲಿ ಪ್ರಯೋಗಗಳೇ ಮಾತನಾಡಲಿ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು 2007ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಉನ್ನತ ಮುದ್ರಣವನ್ನು ನೇರವಾಗಿ ಒಮ್ಮೆ, ಅದನ್ನೇ ಕಾಂಪ್ಯಾಕ್ಟ್ ಡಿಸ್ಕಿನ ಅಳತೆಗೆ ಇಳಿಸಿ ಒಮ್ಮೆ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದರು. 554 ಪರೀಕ್ಷೆಗಳಲ್ಲಿ ಸರಿಯುತ್ತರ ಬಂದದ್ದು 276 ಸಲ, ನೂರಕ್ಕೆ 49.8. ಕಣ್ಣು ಮುಚ್ಚಿ ನಾಣ್ಯವನ್ನು ಚಿಮ್ಮಿದರೂ ಇಷ್ಟೇ ಬರುತ್ತಿತ್ತು. ನ್ಯಾಯವಾಗಿ ಮತ್ತೊಂದನ್ನೂ ಹೇಳಬೇಕು. 2016ರಲ್ಲಿ ರೈಸ್ ಎಂಬವರು ಇಂತಹ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣವು ನೂರಕ್ಕೆ 52.3ರಷ್ಟಾಯಿತು, ತರಬೇತಿ ಪಡೆದವರಲ್ಲಿ ಇನ್ನೂ ಬಹಳ ಹೆಚ್ಚು. ವ್ಯತ್ಯಾಸವು ಸೊನ್ನೆಯಲ್ಲವೆಂದು ಇದರಿಂದ ವಾದಿಸಬಹುದು. ಆದರೆ ನೂರು ಸಲದಲ್ಲಿ ಎರಡು ಸಲ ಹೆಚ್ಚಾಗಿ ಊಹಿಸುವುದಕ್ಕಾಗಿ ಒಂದು ಪೆಟ್ಟಿಗೆಯನ್ನು ಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನು ಹಳೆಯ ಮುದ್ರಣಗಳು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಳು. 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಆ ಕಾಲದ ಮುದ್ರಣವು ವಿದ್ಯುತ್ತಿನ ನೆರವಿಲ್ಲದೆ, ಒಂದು ಕಹಳೆಯ ಮುಂದೆ ಕೂಗಿ ಹಾಡಿ ಮಾಡಿದ್ದು. ಸೆಕೆಂಡಿಗೆ ಸುಮಾರು 2,500 ಕಂಪನಗಳಾಚೆಗೆ ಅದರಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ವಿದ್ಯುತ್ ಮೈಕ್ರೊಫೋನಿನ ಮುದ್ರಣ ಬಂದದ್ದು 1925ರಲ್ಲಿ. ಅಂತಹ ತಟ್ಟೆಯ ಹಾಡನ್ನು 1,92,000 ಅಳತೆಗಳ ಪೆಟ್ಟಿಗೆಯಲ್ಲಿ ಕೇಳುವುದೆಂದರೆ ಸೇರಕ್ಕಿಯನ್ನು ತರಲು ಲಾರಿಯನ್ನು ಕಳುಹಿಸಿದಂತೆ. ಆ ಹಾಡನ್ನು ಮಾತ್ರ ತಪ್ಪದೆ ಕೇಳಬೇಕು.

ಒಂದು ನಿಯಮವನ್ನು ಬಿಡಬಾರದು. ಎಂಪಿ3 ಮುಂತಾದ ಕ್ರಮಗಳು, ಗಟ್ಟಿಯಾದ ಸ್ವರದ ನೆರಳಿನಲ್ಲಿ ಕೇಳಿಸದೆ ಹೋಗುವ ಮೆಲುಸ್ವರಗಳನ್ನು ಎಸೆದು ಕಡತವನ್ನು ಚಿಕ್ಕದಾಗಿಸುತ್ತವೆ. ಒಮ್ಮೆ ಎಸೆದುದು ಮತ್ತೆ ಬರುವುದಿಲ್ಲ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಕ್ರಮವಾದರೋ ಏನನ್ನೂ ಎಸೆಯದೆ, ಬಟ್ಟೆಯನ್ನು ಮಡಿಸಿ ಇಟ್ಟಂತೆ, ಅಂಕಿಗಳನ್ನು ಒತ್ತಾಗಿ ಅಡಕುತ್ತದೆ. ಬಿಚ್ಚಿದರೆ ಒಂದಂಕಿಯೂ ವ್ಯತ್ಯಾಸವಾಗದೆ ದೊರೆಯುತ್ತದೆ. ಹಾಗೆಯೇ ಬಿಟ್ಟರೆ ಗಂಟೆಗೆ ಸುಮಾರು 635 ಮೆಗಾಬೈಟ್ ಆಗುವ ಸಂಗೀತವು ಇದರಿಂದ ಹೆಚ್ಚು ಕಡಮೆ ಅರ್ಧಕ್ಕೆ ಇಳಿಯುತ್ತದೆ. 2021ರಿಂದ ಆಪಲ್ ಸಂಸ್ಥೆಯು ಇಂತಹ ಅಖಂಡ ಸಂಗೀತವನ್ನು ಹೆಚ್ಚಿನ ಚಂದಾ ಕೇಳದೆ ಕೊಡುತ್ತಿದೆ. ಇತರರೂ ಅದೇ ದಾರಿ ಹಿಡಿದಿದ್ದಾರೆ. ಒಳ್ಳೆಯ ಎಂಪಿ3ಗೂ ಇದಕ್ಕೂ ವ್ಯತ್ಯಾಸವನ್ನು ಗುರುತಿಸುವುದು ಬಹು ಕಷ್ಟ. ಆದರೂ ಅಖಂಡವಾದುದು ಸುಲಭವಾಗಿ ಸಿಗುವಾಗ ತುಂಡಾದುದನ್ನು ಆರಿಸಿಕೊಳ್ಳಲು ಕಾರಣವಿಲ್ಲ.

ಅಂಕಿಗಳ ಸಾಗಾಟಕ್ಕೆ ಬರೋಣ. ಕಪಾಟಿನ ಬಹುಭಾಗವನ್ನು ತುಂಬಿರುವುದು ಇದೇ. ಅಂಚೆಯವನು ನಡೆದು ಬಂದರೂ ಸೈಕಲ್ಲಿನಲ್ಲಿ ಬಂದರೂ ಕಾಗದದೊಳಗಿನ ಒಕ್ಕಣೆ ಬದಲಾಗುವುದಿಲ್ಲ. ಜಾಲದಲ್ಲಿ ಅಂಕಿಗಳು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತವೆ. ಪ್ರತಿಯೊಂದು ಪೊಟ್ಟಣಕ್ಕೂ ಅದರೊಳಗಿನ ಅಂಕಿಗಳಿಂದಲೇ ಲೆಕ್ಕ ಹಾಕಿ ತೆಗೆದ ಒಂದು ತಾಳೆಯ ಸಂಖ್ಯೆಯನ್ನು ಅಂಟಿಸಿರುತ್ತಾರೆ. ತಾಳೆಯಾಗದ ಪೊಟ್ಟಣವನ್ನು ಎಸೆದು, ಮತ್ತೊಮ್ಮೆ ತರಿಸಿಕೊಳ್ಳಲಾಗುತ್ತದೆ. ಬಂದ ಅಂಕಿಗಳೆಲ್ಲ ಮೊದಲು ಒಂದು ತೊಟ್ಟಿಯಲ್ಲಿ ಶೇಖರವಾಗಿ, ಆಮೇಲೆ ಅಲ್ಲಿಂದ ಬೇಕಾದ ವೇಗದಲ್ಲಿ ಹೊರಗೆ ಹರಿಯುತ್ತವೆ. ಓಣಿಯ ನಲ್ಲಿಯಲ್ಲಿ ನೀರು ತಡೆತಡೆದು ಬಂದರೂ ಮನೆಯ ತೊಟ್ಟಿ ತುಂಬಿದ್ದರೆ ಅಡಿಗೆಮನೆಯ ನಲ್ಲಿಗೆ ಅದು ಗೊತ್ತಾಗುವುದಿಲ್ಲ. ಆದುದರಿಂದ ಜಾಲದ ತಂತಿಯು ಬೆಳ್ಳಿಯದಾಗಲಿ ತಾಮ್ರದ್ದಾಗಲಿ, ಸ್ವಿಚ್ಚು ಸಾಮಾನ್ಯದ್ದಾಗಲಿ ಸಂಗೀತಕ್ಕೆಂದೇ ಅಭಿಷೇಕ ಮಾಡಿದ್ದಾಗಲಿ, ಸಂಗೀತವು ಅದೇ. ತಂತಿ ಕೆಟ್ಟಿದ್ದರೆ ಹಾಡು ನಿಂತು ನಿಂತು ಬಂದೀತು. ಪಿಟೀಲಿನ ಮಾಧುರ್ಯವು ಮಾತ್ರ ತಗ್ಗಲಾರದು.

ಅಂಕಿಗಳು ಸರಿಯಾಗಿದ್ದರೂ ಅವು ವಿದ್ಯುತ್ತಾಗುವ ಕ್ಷಣವು ಹಿಂದು ಮುಂದಾದರೆ? ಇದು ಗಂಭೀರವಾದ ಪ್ರಶ್ನೆ. ಗಡಿಯಾರದ ಪೆಟ್ಟಿಗೆಗಳು ಮಾರಾಟವಾಗುತ್ತಿರುವುದು ಇದರ ಹೆಸರಿನಲ್ಲಿಯೇ. 20,000 ಕಂಪನಗಳ ಪೂರ್ಣ ಎತ್ತರದ ಅಲೆಯೊಂದರಲ್ಲಿ ಅರ್ಧ ಮೆಟ್ಟಿಲಿಗಿಂತ ಹೆಚ್ಚು ತಪ್ಪಾಗಬಾರದೆಂದರೆ ಕ್ಷಣದ ತಪ್ಪು ಸುಮಾರು 120 ಪಿಕೊಸೆಕೆಂಡುಗಳನ್ನು, ಅಂದರೆ ಸೆಕೆಂಡಿನ ಲಕ್ಷಕೋಟಿಯಲ್ಲಿ ನೂರಿಪ್ಪತ್ತು ಭಾಗಗಳನ್ನು, ಮೀರಬಾರದು. ಇದು ಕಾಗದದ ಮೇಲಿನ ಕಠಿಣವಾದ ಮೇರೆ. ಕಿವಿಯ ಮೇರೆಯು ಬಹಳ ಉದಾರವಾದದ್ದು. ಜಪಾನಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ಪರಿಚಿತವಾದ ಸಂಗೀತವನ್ನು ಕೇಳಿದ ಅನುಭವಸ್ಥರೂ ಕೂಡ, ಅಡ್ಡಾದಿಡ್ಡಿಯಾದ ಕ್ಷಣದೋಷವು ಹಲವು ನೂರು ನ್ಯಾನೊಸೆಕೆಂಡುಗಳಾಗುವವರೆಗೆ ಅದನ್ನು ಗುರುತಿಸಲಿಲ್ಲ. ಕಾಗದದ ಮೇರೆಗಿಂತ ಇದು ಸಾವಿರಾರು ಪಟ್ಟು. ಇಂದಿನ ಒಂದು ಸಾಮಾನ್ಯ ಡ್ಯಾಕ್ ತನ್ನೊಳಗಿನ ಸ್ಫಟಿಕದ ಗಡಿಯಾರದ ತಾಳಕ್ಕೆ ಅಂಕಿಗಳನ್ನು ತಾನೇ ಎಳೆದುಕೊಳ್ಳುತ್ತದೆ. ಹೊರಗಿನ ಗಡಿಯಾರವು ಇದಕ್ಕೆ ಕಲಿಸುವುದೇನೂ ಇಲ್ಲ.

ಹೀಗೆ ಸರ್ವರು, ಸ್ವಿಚ್ಚು, ಗಡಿಯಾರ ಮೂರೂ ಹೋದವು. ಪ್ರೀಆಂಪ್ಲಿಫಯರೂ ಹೋಗಬಹುದು. ಧ್ವನಿಯನ್ನು ಅಂಕಿಗಳಲ್ಲಿಯೇ ತಗ್ಗಿಸಿದರೆ ಬಿಟ್‌ಗಳು ನಷ್ಟವಾಗುತ್ತವೆಂಬ ಭಯದಿಂದ ಅದನ್ನು ಇಟ್ಟುಕೊಂಡವರು ಬಹಳ. ಆ ಭಯವು 16 ಬಿಟ್‌ಗಳ ಯಂತ್ರಗಳ ಕಾಲದ್ದು. ಈಗಿನ ಡ್ಯಾಕ್‌ಗಳು 24 ಬಿಟ್‌ಗಳನ್ನು ಸ್ವೀಕರಿಸುತ್ತವೆ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ಲಿನಂತೆ, 16 ಬಿಟ್‌ಗಳ ಸಂಗೀತವನ್ನು 48 ಡೆಸಿಬೆಲ್ ತಗ್ಗಿಸುವವರೆಗೆ ಒಂದು ಬಿಟ್ಟೂ ಕೆಳಗೆ ಬೀಳದು. ಅಷ್ಟು ತಗ್ಗಿಸಿದ ಸಂಗೀತವು ಪಕ್ಕದಲ್ಲಿ ಕುಳಿತವರ ಉಸಿರಿಗಿಂತ ಗಟ್ಟಿಯಾಗಿರುವುದು ಕಷ್ಟ. ಆಂಪ್ಲಿಫಯರನ್ನು ತಮ್ಮ ಒಡಲಲ್ಲಿಯೇ ಇಟ್ಟುಕೊಂಡ ಸ್ಪೀಕರುಗಳೂ ಬಂದಿವೆ. ಆಗ ಉಳಿಯುವುದು ಜಾಲದಿಂದ ಅಂಕಿಗಳನ್ನು ಪಡೆದು ವಿದ್ಯುತ್ತಾಗಿಸುವ ಒಂದು ಚಿಕ್ಕ ಪೆಟ್ಟಿಗೆ ಮತ್ತು ಒಂದು ಜೊತೆ ಸ್ಪೀಕರುಗಳು.

ಪೆಟ್ಟಿಗೆಗಳು ಕಡಮೆಯಾದರೆ ಲಾಭವೇ ಆದೀತೆಂದು ಹೇಳಿದೆನಲ್ಲವೆ? ಅದರ ಕಾರಣ ಹೀಗೆ. ಎರಡು ಮೂರು ಯಂತ್ರಗಳು ಬೇರೆ ಬೇರೆ ಪ್ಲಗ್ಗುಗಳಿಂದ ವಿದ್ಯುತ್ತನ್ನು ಪಡೆಯುತ್ತಾ ತಮ್ಮತಮ್ಮಲ್ಲಿ ತಂತಿಗಳಿಂದ ಕೂಡಿಕೊಂಡಿದ್ದರೆ, ನೆಲದ ತಂತಿಗಳ ಮೂಲಕ ಒಂದು ಕುಣಿಕೆ ಏರ್ಪಡುತ್ತದೆ. ನಮ್ಮ ವಿದ್ಯುತ್ ಪೂರೈಕೆಯು ಸೆಕೆಂಡಿಗೆ 50 ಸಲ ತಿರುಗುಮುರುಗಾಗುವಂಥದು. ಅದು ಈ ಕುಣಿಕೆಯಲ್ಲಿ ಪ್ರವಾಹವನ್ನು ಹುಟ್ಟಿಸಿ, ಹಾಡಿನ ಹಿಂದೆ ಗುಂಯ್ ಎಂಬ ಸದ್ದನ್ನು ನಿಲ್ಲಿಸುತ್ತದೆ. ಹಳೆಯ ಮನೆಗಳಲ್ಲಿ ನೆಲದ ತಂತಿಯ ಜೋಡಣೆಯು ಎಷ್ಟು ಸರಿಯಾಗಿರುತ್ತದೆಂಬುದನ್ನು ಬಲ್ಲವರೇ ಬಲ್ಲರು. ಇದು ಊಹೆಯ ದೋಷವಲ್ಲ, ಯಾರ ಕಿವಿಗಾದರೂ ಕೇಳುವ ದೋಷ. ಇದಕ್ಕೆ ಪರಿಹಾರವು ಮತ್ತೊಂದು ಪೆಟ್ಟಿಗೆಯಲ್ಲ, ಒಂದು ಪೆಟ್ಟಿಗೆ ಕಡಮೆ. ಕಂಪ್ಯೂಟರಿನಿಂದ ಇಂತಹ ಗಲಭೆಯು ಡ್ಯಾಕ್‌ಗೆ ಹಾಯುವುದಾದರೆ ಬೆಳಕಿನ ಎಳೆಯ ಮೂಲಕ ಅಂಕಿಗಳನ್ನು ಕಳುಹಿಸಬಹುದು. ಗಾಜು ಪ್ಲಾಸ್ಟಿಕ್ಕುಗಳಲ್ಲಿ ವಿದ್ಯುತ್ತು ಹರಿಯದು. ಅದರ ಬೆಲೆಯೂ ಅಲ್ಪ.

ಈಗ ಎರಡನೆಯ ಪಂಗಡದವರ ಸರದಿ. ಮೊಬೈಲಿನಿಂದ ಬ್ಲೂಟೂತ್ ಮೂಲಕ ಕಳುಹಿಸುವುದು ಬಹು ಸುಲಭ. ಆದರೆ ಇಲ್ಲಿ ಬೇಡದ ಒಂದು ರೂಪಾಂತರವು ನುಸುಳುತ್ತದೆ. ಬ್ಲೂಟೂತಿನ ದಾರಿ ಇಕ್ಕಟ್ಟಾದದ್ದು. ಜಾಲದಿಂದ ಬಂದ ಹಾಡನ್ನು ಮೊಬೈಲು ಮೊದಲು ಬಿಚ್ಚಿ, ಮತ್ತೆ ತನ್ನದೇ ಕ್ರಮದಲ್ಲಿ ಅಡಕಿ, ಸಾಮಾನ್ಯವಾಗಿ ಕೆಲವನ್ನು ಎಸೆದು, ಸ್ಪೀಕರಿಗೆ ಕಳುಹಿಸುತ್ತದೆ. ಮೊದಲೇ ಎಂಪಿ3 ಆಗಿದ್ದ ಹಾಡಾದರೆ ಎರಡು ಸಲ ಸೋಸಿದಂತಾಯಿತು. ನಡುವೆ ಯಾರಾದರೂ ಕರೆ ಮಾಡಿದರೆ ಆಲಾಪನೆಯ ನೆತ್ತಿಯ ಮೇಲೆ ಗಂಟೆ ಬಾರಿಸುತ್ತದೆ. ಇಷ್ಟೇ ಸುಲಭವಾದ ಮತ್ತೊಂದು ವಿಧಾನವುಂಟು. ಅದರಲ್ಲಿ ಮೊಬೈಲು ಹಾಡನ್ನು ಹೊರುವುದಿಲ್ಲ; ಯಾವ ಹಾಡೆಂದು ಪೆಟ್ಟಿಗೆಗೆ ಹೇಳಿ ಸುಮ್ಮನಾಗುತ್ತದೆ. ಪೆಟ್ಟಿಗೆಯು ತಾನೇ ಮನೆಯ ವೈಫೈ ಅಥವಾ ತಂತಿಯ ಮೂಲಕ ಹಾಡನ್ನು ನೇರವಾಗಿ ತರಿಸಿಕೊಳ್ಳುತ್ತದೆ. ನೋಡುವವರಿಗೆ ಎರಡೂ ಒಂದೇ. ಆದರೆ ಒಂದರಲ್ಲಿ ಮೊಬೈಲು ಹಮಾಲಿ, ಇನ್ನೊಂದರಲ್ಲಿ ಯಜಮಾನ.

ದುಬಾರಿಯಾದ ಕಪಾಟುಗಳಲ್ಲಿಯೂ ಬೇಡದ ರೂಪಾಂತರವಿರುವುದುಂಟು. ಸಿನಿಮಾ ನೋಡುವುದಕ್ಕೆಂದು ಕೊಂಡ ಬಹುಮುಖ ಸ್ಪೀಕರುಗಳ ರಿಸೀವರಿಗೆ ಬೆಲೆಬಾಳುವ ಡ್ಯಾಕನ್ನು ಜೋಡಿಸಿರುತ್ತಾರೆ. ಇಂತಹ ರಿಸೀವರುಗಳಲ್ಲಿ ಅನೇಕವು, ಒಳಗೆ ಬಂದ ವಿದ್ಯುತ್ತನ್ನು ಮತ್ತೆ ಅಂಕಿಗಳನ್ನಾಗಿಸಿ, ತಮ್ಮ ಕೆಲಸ ಮಾಡಿ, ತಮ್ಮದೇ ಡ್ಯಾಕಿನಿಂದ ಪುನಃ ವಿದ್ಯುತ್ತಾಗಿಸುತ್ತವೆ. ಕನ್ನಡದಿಂದ ಇಂಗ್ಲಿಷಿಗೆ ಭಾಷಾಂತರಿಸಿದುದನ್ನು ಮತ್ತೆ ಕನ್ನಡಕ್ಕೆ ತಂದು ಓದಿದಂತೆ! ಅಲ್ಲಿ ಮಾಡಬೇಕಾದದ್ದು ಆ ಡ್ಯಾಕನ್ನು ಬಿಟ್ಟು, ಅಂಕಿಗಳನ್ನೇ ನೇರವಾಗಿ ರಿಸೀವರಿಗೆ ಕೊಡುವುದು.

ಅಂಕಿಗಳ ವಿಷಯ ಇಷ್ಟು. ನನ್ನ ದೃಷ್ಟಿಯಲ್ಲಿ ಹಣವೂ ಶ್ರದ್ಧೆಯೂ ಸಲ್ಲಬೇಕಾದದ್ದು ಉಳಿದೆರಡು ರೂಪಾಂತರಗಳಿಗೆ. ಒಳ್ಳೆಯ ಡ್ಯಾಕೊಂದು ಸಂಗೀತಕ್ಕೆ ಬೆರಸುವ ವಿಕಾರವು ನೂರರಲ್ಲಿ ಸಾವಿರದ ಒಂದು ಪಾಲಿನಷ್ಟಿದ್ದರೆ, ಸ್ಪೀಕರು ಮಂದ್ರದಲ್ಲಿ ನೂರಕ್ಕೆ ಒಂದು ಪಾಲನ್ನೂ ಅದಕ್ಕಿಂತ ಹೆಚ್ಚನ್ನೂ ಬೆರಸುತ್ತದೆ. ಕಾಗದದ ಅಥವಾ ಪ್ಲಾಸ್ಟಿಕ್ಕಿನ ಒಂದು ಶಂಕುವನ್ನು ಕುಲುಕಿ ಮೃದಂಗವನ್ನೂ ಕೊಳಲನ್ನೂ ಒಟ್ಟಿಗೆ ನುಡಿಸಬೇಕೆಂದರೆ ಅದೇನು ಸಾಮಾನ್ಯವೆ? ಅದಕ್ಕಿಂತ ದೊಡ್ಡ ಅಪರಾಧಿ ಕೋಣೆ. ಹಾರ್ವರ್ಡಿನ ತರುಣ ಅಧ್ಯಾಪಕ ಸೇಬಿನ್ನನಿಗೆ, ಮಾತು ಕೇಳಿಸದ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸವು 1895ರಲ್ಲಿ ಬಂತು. ಅವನು ಪಕ್ಕದ ನಾಟಕ ಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿಯಲ್ಲಿ ಹೊರಿಸಿ ತಂದು, ಒಂದೊಂದಾಗಿ ಹಾಸುತ್ತಾ, ನಿಂತ ಶಬ್ದವು ಅಳಿಯುವುದಕ್ಕೆ ಹಿಡಿಯುವ ಕಾಲವನ್ನು ಅಳೆದನು. ಅವನ ಸೂತ್ರವು ಇಂದಿಗೂ ನಡೆಯುತ್ತಿದೆ: ಕೋಣೆಯ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಶಬ್ದವನ್ನು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ, ಶಬ್ದದ ಶಕ್ತಿಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುವ ಕಾಲವು ಸೆಕೆಂಡುಗಳಲ್ಲಿ ದೊರೆಯುತ್ತದೆ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸೋಣ. ಹನ್ನೆರಡಡಿ ಅಗಲ, ಹದಿನಾಲ್ಕಡಿ ಉದ್ದ, ಹತ್ತಡಿ ಎತ್ತರದ ಕೋಣೆ. ಸುಮಾರು 47 ಘನ ಮೀಟರ್. ನೆಲಕ್ಕೆ ಮೊಸಾಯಿಕ್ಕು ಅಥವಾ ಗ್ರಾನೈಟ್, ಗೋಡೆಗೂ ತಾರಸಿಗೂ ಗಾರೆ. ಇವು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನು ಮಾತ್ರ ಹೀರುತ್ತವೆ. ಮೂರು ಪಾಲೆಂದಿಟ್ಟುಕೊಂಡರೆ, 80 ಚದರ ಮೀಟರಿನ ಒಟ್ಟು ಮೇಲ್ಮೈಯಲ್ಲಿ ಹೀರುವ ಭಾಗವು 2.4 ಚದರ ಮೀಟರಾಯಿತು. ಶಬ್ದವು ಅಳಿಯುವ ಕಾಲ ಮೂರು ಸೆಕೆಂಡಿಗೂ ಮಿಕ್ಕಿತು! ಗೃಹಪ್ರವೇಶದ ದಿನ ಬರಿಯ ಮನೆಯಲ್ಲಿ ಮಾತೆಲ್ಲ ಘೊಂಯ್ ಎನ್ನುವುದು ಇದರಿಂದಲೇ. ದ್ರುತಕಾಲದ ಸ್ವರಗಳಲ್ಲಿ ಸೆಕೆಂಡಿಗೆ ಏಳೆಂಟು ಸ್ವರಗಳು ಸಾಗುತ್ತಿರುವಾಗ, ಇಪ್ಪತ್ತು ಸ್ವರಗಳ ಹಿಂದಿನದೂ ಇನ್ನೂ ಗಾಳಿಯಲ್ಲಿ ತೇಲುತ್ತಿದ್ದರೆ ಯಾವ ಡ್ಯಾಕ್ ಏನು ಮಾಡೀತು? ಅದೇ ಕೋಣೆಗೆ ಒಂದು ಹತ್ತಿಯ ಹಾಸಿಗೆ, ದಪ್ಪ ಜಮಖಾನ, ಕಿಟಕಿಗೆ ನೆರಿಗೆಯ ಪರದೆ, ಪುಸ್ತಕಗಳ ಬೀರು, ಕೇಳುವುದಕ್ಕೆ ಮೂರು ನಾಲ್ಕು ಜನ ಬಂದು, ಹೀರುವ ಭಾಗವು 12 ಚದರ ಮೀಟರಾದರೆ ಕಾಲವು ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ಗಡಿಯಾರದ ಪೆಟ್ಟಿಗೆಯ ಖರ್ಚಿನ ಅಲ್ಪಾಂಶ; ನೆಂಟರು ಬಂದರೆ ಹಾಸಿಗೆ ಉಪಯೋಗಕ್ಕೂ ಬರುತ್ತದೆ.

ಮಂದ್ರದ ಕಥೆ ಬೇರೆ. ಅದಕ್ಕೆ ಪರದೆ ಜಮಖಾನಗಳು ಸಾಲವು. ಹನ್ನೆರಡಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಕಂಪನಗಳ ಅಲೆಯು ನಿಂತುಬಿಡುತ್ತದೆ. ಅದರ ಎರಡರಷ್ಟಾದ 94ರದ್ದೂ ಹಾಗೆಯೇ. ಕೋಣೆಯ ಒಂದು ಜಾಗದಲ್ಲಿ ಮೃದಂಗದ ಎಡಮುಖವು ಗುಮ್ಮೆಂದು ಎದೆಗೆ ಬಡಿದರೆ, ಎರಡು ಹೆಜ್ಜೆ ಪಕ್ಕದಲ್ಲಿ ಅದು ಇದ್ದೂ ಇಲ್ಲದಂತಿರುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಎಳೆದು, ಕುಳಿತುಕೊಳ್ಳುವ ಕುರ್ಚಿಯನ್ನು ಗೋಡೆಯಿಂದ ಮುಂದಕ್ಕೆ ಸರಿಸಿ ನೋಡಬೇಕು. ಒಂದು ಭಾನುವಾರದ ಬೆಳಗ್ಗೆ ಸಾಕು, ಬೆಲೆಯೇನೂ ಇಲ್ಲ. ಬೆಲೆಯಿಲ್ಲದುದರಿಂದಲೇ ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲವೆಂದು ತೋರುತ್ತದೆ.

ಇಷ್ಟಾಗಿ, ಪೆಟ್ಟಿಗೆಗಳು ಇದ್ದರೆ ಇರಲಿ, ಹಣವುಳ್ಳವರ ವಿನೋದ, ನಿಮಗೇನು ಕಷ್ಟ ಎಂದು ಕೇಳಬಹುದು. ಕಷ್ಟ ಹಣದ್ದಲ್ಲ. ನಾನು ಬಲ್ಲ ಒಂದು ಮನೆಯಲ್ಲಿ ಮಗನು ಇಂತಹ ಕಪಾಟನ್ನು ಕಟ್ಟಿದ್ದಾನೆ. ತಾಯಿಗೆ ಎಪ್ಪತ್ತು ದಾಟಿದೆ. ರೇಡಿಯೋ ಇದ್ದ ಕಾಲದಲ್ಲಿ ಆಕೆ ಬೆಳಗ್ಗೆ ಎದ್ದು ಒಂದು ಗುಂಡಿಯನ್ನು ತಿರುಗಿಸಿದರೆ ಅಡಿಗೆಮನೆಯವರೆಗೂ ಹಾಡು ಬರುತ್ತಿತ್ತು. ಈಗ ಐದು ಪೆಟ್ಟಿಗೆಗಳನ್ನು ಸರಿಯಾದ ಕ್ರಮದಲ್ಲಿ ಹಚ್ಚಬೇಕು. ಕ್ರಮ ತಪ್ಪಿದರೆ ಸ್ಪೀಕರಿನಲ್ಲಿ ಢಬ್ಬೆಂದು ಸಿಡಿಲು. ಮೂರು ರಿಮೋಟುಗಳು, ಒಂದು ಮೊಬೈಲು, ಅದರಲ್ಲಿ ಎರಡು ಆಪುಗಳು. ಮಗನು ಊರಿನಲ್ಲಿಲ್ಲದ ದಿನಗಳಲ್ಲಿ ಆ ಮನೆಯಲ್ಲಿ ಸಂಗೀತವೇ ಇಲ್ಲ. "ನನಗೇನಪ್ಪಾ, ಮೊಬೈಲಿನಲ್ಲೇ ಸಣ್ಣಗೆ ಹಾಕಿಕೊಳ್ಳುತ್ತೇನೆ" ಎಂದು ಆಕೆ ಹೇಳಿದರು. ಲಕ್ಷಾಂತರ ರೂಪಾಯಿಗಳ ಧ್ವನಿ ಗುಣವು ಮುಚ್ಚಿದ ಕಪಾಟಿನೊಳಗೆ ಇದೆ. ಆಕೆಯ ಕಿವಿಗೆ ಬೀಳುತ್ತಿರುವುದು ಬೆರಳುಗುರಿನಷ್ಟು ಸ್ಪೀಕರಿನ ಸದ್ದು. ಧ್ವನಿಯ ಗುಣವನ್ನು ಅಳೆಯುವವರು ಈ ನಷ್ಟವನ್ನು ಯಾವ ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ?

ಕಳೆಯಲು ಹೊರಡುವವರಿಗೆ ಒಂದು ಸೂಚನೆ. ಒಂದು ಪೆಟ್ಟಿಗೆಯನ್ನು ತೆಗೆಯುವ ಮೊದಲು ನಿಮ್ಮ ಕಿವಿಯನ್ನೇ ಸಾಕ್ಷಿಗೆ ಕರೆಯಿರಿ. ಆದರೆ ಕಣ್ಣನ್ನು ಹೊರಗೆ ಕಳುಹಿಸಿರಿ. ಪೆಟ್ಟಿಗೆ ಇದ್ದಾಗ ಮತ್ತು ಇಲ್ಲದಾಗ ಹಾಡಿನ ಗಟ್ಟಿತನ ಒಂದೇ ಆಗಿರಬೇಕು. ಅರ್ಧ ಅಥವಾ ಒಂದು ಡೆಸಿಬೆಲ್ ಹೆಚ್ಚಾದರೆ ಅದು ಗಟ್ಟಿಯೆಂದು ತೋರದೆ, ಹೆಚ್ಚು ಸ್ಪಷ್ಟವೆಂದು ತೋರುತ್ತದೆ; ಅಂಗಡಿಗಳಲ್ಲಿ ವ್ಯಾಪಾರವಾಗುವುದು ಈ ಗುಟ್ಟಿನ ಮೇಲೆಯೇ. ಒಂದೇ ಶ್ರುತಿಯ ಸ್ವರವನ್ನು ನುಡಿಸಿ, ಆಂಪ್ಲಿಫಯರಿನ ತುದಿಯಲ್ಲಿ ಮಲ್ಟಿಮೀಟರಿನಿಂದ ವೋಲ್ಟೇಜನ್ನು ಅಳೆದು ಸಮ ಮಾಡಿಕೊಳ್ಳಬಹುದು. ಮನೆಯವರೊಬ್ಬರು ನಾಣ್ಯ ಚಿಮ್ಮಿ, ಬಿದ್ದಂತೆ ಬದಲಾಯಿಸಲಿ. ನೀವು ಬೆನ್ನು ತಿರುಗಿಸಿ ಕುಳಿತು ಉತ್ತರವನ್ನು ಬರೆಯಿರಿ. ಹದಿನಾರು ಸಲದಲ್ಲಿ ಹನ್ನೆರಡು ಸಲ ಸರಿಯಾದರೆ ಆ ಪೆಟ್ಟಿಗೆಯು ಏನನ್ನೋ ಮಾಡುತ್ತಿದೆ, ಇರಲಿ. ಕೇವಲ ಊಹೆಯಿಂದ ಹನ್ನೆರಡು ಬರುವ ಸಂಭವ ನೂರರಲ್ಲಿ ನಾಲ್ಕಕ್ಕಿಂತ ಕಡಮೆ. ಎಂಟೊಂಬತ್ತು ಸಲವಾದರೆ ಅದನ್ನು ಕೊಳ್ಳುವವರನ್ನು ಹುಡುಕಬಹುದು.

ಪೆಟ್ಟಿಗೆಯನ್ನು ಆರಿಸುವಾಗ ಅದು ತನ್ನನ್ನು ಮಾಡಿದ ಕಂಪೆನಿಯ ಅನುಮತಿಯಿಲ್ಲದೆ ಹಾಡಬಲ್ಲದೆ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಗೂಗಲ್ ಸಂಸ್ಥೆಯ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಬಿಲ್ಲೆಯು 2015ರಲ್ಲಿ ಬಂದಾಗ, ಅಂಗೈಯಲ್ಲಿ ಅಡಗುವ ಅದು ನಾನು ಮೇಲೆ ವರ್ಣಿಸಿದ ಚಿಕ್ಕ ಪೆಟ್ಟಿಗೆಯೇ ಆಗಿತ್ತು. 2019ರಲ್ಲಿ ಅದರ ತಯಾರಿಕೆ ನಿಂತಿತು. 2025ರ ಮಾರ್ಚಿಯಲ್ಲಿ ಅದರೊಳಗಿನ ಒಂದು ಪ್ರಮಾಣಪತ್ರದ ಅವಧಿ ತೀರಿದುದರಿಂದ, ಲೋಕದಾದ್ಯಂತ ಆ ಬಿಲ್ಲೆಗಳು ಒಮ್ಮೆಲೇ ಮೂಕವಾದವು. ಸಂಸ್ಥೆಯು ಕೆಲವು ದಿನಗಳ ಮೇಲೆ ತಿದ್ದುಪಡಿಯನ್ನು ಕಳುಹಿಸಿದ ಅನಂತರವೇ ಬಾಯಿಬಿಟ್ಟವು. ಇದಕ್ಕೆ ವಿರುದ್ಧವಾದ ಉದಾಹರಣೆ ಸ್ಕ್ವೀಜ್‌ಬಾಕ್ಸ್. ಲಾಜಿಟೆಕ್ ಸಂಸ್ಥೆಯು 2012ರಲ್ಲಿ ಅದನ್ನು ಕೈಬಿಟ್ಟಿತು. ಆದರೆ ಅದರ ಸರ್ವರಿನ ತಂತ್ರಾಂಶವು ಎಲ್ಲರಿಗೂ ತೆರೆದಿದ್ದುದರಿಂದ ಆಸಕ್ತರು ಅದನ್ನು ಬೆಳೆಸುತ್ತಲೇ ಬಂದಿದ್ದಾರೆ. ಲಿರಿಯಾನ್ ಎಂಬ ಹೊಸ ಹೆಸರಿನಲ್ಲಿ ಈಗಲೂ ಅದು ನಡೆಯುತ್ತಿದೆ, ಹಳೆಯ ಪೆಟ್ಟಿಗೆಗಳು ಈಗಲೂ ಹಾಡುತ್ತಿವೆ. 2012ರಲ್ಲಿ ಬ್ರಿಟನ್ನಿನಿಂದ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಇದೇ ತಂತ್ರಾಂಶವನ್ನು ತುಂಬಿ, ಒಂದು ಸಾಧಾರಣ ಡ್ಯಾಕನ್ನು ಸಿಕ್ಕಿಸಿದರೆ, ಸರ್ವರು ಸ್ಟ್ರೀಮರುಗಳೆರಡರ ಕೆಲಸವೂ ಅದರಿಂದಲೇ ಆಗುತ್ತದೆ. ಚಂದಾ ಸೇವೆಗಳಲ್ಲಿ ಇಂದು ಇದ್ದ ಕಛೇರಿ ನಾಳೆ ಹಕ್ಕಿನ ವ್ಯಾಜ್ಯದಿಂದ ಮಾಯವಾಗುವುದುಂಟು. ಬಿಟ್ಟಿರಲಾರದಂತಹ ಹಾಡುಗಳನ್ನು ಕೊಂಡು, ಫ್ಲ್ಯಾಕ್ ರೂಪದಲ್ಲಿ ಒಂದು ಡಿಸ್ಕಿನಲ್ಲಿಯೂ, ಅದರ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿಯೂ ಇಟ್ಟುಕೊಂಡರೆ, ಜಾಲವು ಕಡಿದುಹೋದ ಮಳೆಗಾಲದ ಸಂಜೆಯಲ್ಲಿಯೂ ಹಾಡು ನಿಲ್ಲುವುದಿಲ್ಲ, ವಿದ್ಯುತ್ತು ಇದ್ದರಾಯಿತು.